ಜಯದೇವಿಯ ಕೋಸಿನ ರಂಜಕ

ಚಿಕಾಗೋ ಕನ್ನಡಿಗರ ನಡುವೆ ಜಯದೇವಿಯ ಮಾತು ಬಂದರೆ ಮೊದಲು ನೆನಪಾಗುತ್ತಿದ್ದದ್ದು ಅವಳ ಖಾರ. ಹೇಳಿ ಕೇಳಿ ಗದಗಿನ ಹೆಣ್ಣು. ಯುಗಾದಿಗೋ ದೀಪಾವಳಿಗೋ ನಾಲ್ಕು ಮನೆಯವರು ಸೇರಿ ಉಣ್ಣುವಾಗ ಅವಳ ಪಾತ್ರೆ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಮುಚ್ಚಳ ತೆಗೆದರೆ ಸಾಕು, ಮೈಸೂರು ಕಡೆಯವರು ಎರಡು ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದರು. ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಿದ ರಂಜಕ ತಟ್ಟೆಯಲ್ಲಿಲ್ಲದೆ ರೊಟ್ಟಿ ಮುರಿಯುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

ಇನ್ನೊಂದು ವಿಷಯದಲ್ಲಿ ಅವಳು ಇನ್ನೂ ಗಟ್ಟಿ. ಲಿಂಗಾಯತರ ಮನೆಯ ಮಗಳು; ಎದೆಯ ಮೇಲೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಬೆಳಿಗ್ಗೆ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸಿ, ತಿನ್ನುವುದನ್ನು ಅದಕ್ಕೆ ತೋರಿಸಿದ ಮೇಲೆಯೇ ಬಾಯಿಗೆ ತುತ್ತು. ಹೊರಗೆಲ್ಲಾದರೂ ತಿನ್ನಬೇಕಾಗಿ ಬಂದರೆ ಕೋಟಿನ ಮೇಲಿಂದಲೇ ಕರಡಿಗೆ ಮುಟ್ಟಿಕೊಂಡು ಮನಸ್ಸಿನಲ್ಲೇ ಅರ್ಪಿಸಿಬಿಡುವಳು. ಗಂಡ ಸಂಗನಬಸಪ್ಪ ಫ್ಯಾಕ್ಟರಿಯೊಂದರಲ್ಲಿ ಎಂಜಿನಿಯರ್. ಧಾರವಾಡದ ಹಾಸ್ಟೆಲಿನಲ್ಲಿದ್ದಾಗಲೇ ಅವನ ಕರಡಿಗೆ ಟ್ರಂಕಿನ ತಳ ಸೇರಿತ್ತು. ಹೆಂಡತಿಯ ಪೂಜೆಯನ್ನು ಅವನು ತಡೆದವನೂ ಅಲ್ಲ, ಒಂದು ದಿನ ಪಕ್ಕದಲ್ಲಿ ಕೂತವನೂ ಅಲ್ಲ.

ಇಬ್ಬರೂ ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ಅಮೆರಿಕಕ್ಕೆ ಬಂದವರು. ಜಯದೇವಿಗೆ ನಾರ್ತ್ ಸೈಡಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ರೋಗಿಗಳು ಹೊಗಳುತ್ತಿದ್ದರು. ಹೊಗಳಿಕೆಯಿಂದ ಏನು ಬಂತು, ಅವಳ ಸ್ವಂತ ಮೈ ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ. ಎರಡು ಸಲ ಬಸುರಾಗಿ ಎರಡು ಸಲವೂ ಮೂರನೆಯ ತಿಂಗಳಲ್ಲಿ ಕಳೆದುಕೊಂಡಳು. ಎಪ್ಪತ್ನಾಲ್ಕರಲ್ಲಿ ಮತ್ತೆ ಬಸುರು ನಿಂತಾಗ, ಗದಗಿನಿಂದ ಅವ್ವ ಬರುವವರ ಕೈಯಲ್ಲಿ ಹುಟ್ಟುವ ಕೂಸಿಗೆಂದು ಒಂದು ಪುಟ್ಟ ಲಿಂಗ ಕಳಿಸಿದಳು. ಎಂಟನೆಯ ತಿಂಗಳಲ್ಲಿ, ಹೊಟ್ಟೆಯೊಳಗಿನ ಕೂಸಿನ ಹೆಸರಿನಲ್ಲಿ, ತಾಯಿಗೆ ಅದನ್ನು ಕಟ್ಟುವುದು ಅವರ ಮನೆಯ ಪದ್ಧತಿ. ಜಯದೇವಿ ಅದನ್ನು ಅಡುಗೆಮನೆಯ ದೇವರ ಹಲಗೆಯ ಮೇಲೆ ಇಟ್ಟಳು. ದಿನಾ ನೋಡುವಳು, ಮುಟ್ಟುತ್ತಿರಲಿಲ್ಲ.

ಮುಟ್ಟಲು ಧೈರ್ಯವಾದರೂ ಎಲ್ಲಿಂದ ಬರಬೇಕು? ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಅನ್ನ ನಿಲ್ಲಲಿಲ್ಲ, ರೊಟ್ಟಿ ನಿಲ್ಲಲಿಲ್ಲ. ಇಲ್ಲಿನ ಸಪ್ಪೆ ಮೆಣಸಿನಕಾಯಿಯಲ್ಲಿ ಕುಟ್ಟಿದ ಅವಳದೇ ರಂಜಕವೂ ನಿಲ್ಲಲಿಲ್ಲ. ಊರಾಚೆಯ ಲೊಂಬಾರ್ಡಿನಿಂದ ಮೈಸೂರು ಕಡೆಯ ಗೆಳತಿ ಇಂದುಮತಿ ಪುಳಿಯೋಗರೆ ಗೊಜ್ಜು ಮಾಡಿಕೊಂಡು ಡ್ರೈವ್ ಮಾಡಿ ಬಂದಳು. ‘ಒಂದೇ ಒಂದು ತುತ್ತು ತಿಂದು ನೋಡಿ ಜಯಾ, ಖಂಡಿತ ನಿಲ್ಲತ್ತೆ,’ ಎಂದು ಪಕ್ಕದಲ್ಲೇ ಕೂತು ತಿನ್ನಿಸಿದಳು. ಇಂದುಮತಿ ಕಾರು ಹತ್ತುವ ಮೊದಲೇ ಅದೂ ಹೊರಗೆ ಬಂತು. ಡಾಕ್ಟರು ತೂಕ ನೋಡಿ ಹುಬ್ಬು ಗಂಟಿಕ್ಕಿದರು. ಹೀಗೇ ಇಳಿಯುತ್ತಾ ಹೋದರೆ ಈ ಕೂಸೂ ಉಳಿಯುವ ಭರವಸೆ ಕೊಡಲಾರೆ ಎಂದರು.

ಹೀಗಿರುವಾಗ ಸೆಪ್ಟೆಂಬರಿನ ಒಂದು ಮಧ್ಯಾಹ್ನ ಆಸ್ಪತ್ರೆಯ ಊಟದ ಕೋಣೆಯಲ್ಲಿ ಜಯದೇವಿ ಗೋಡೆಗೆ ಮುಖ ಮಾಡಿ ಉಪ್ಪು ಬಿಸ್ಕತ್ತು ಕಡಿಯುತ್ತಾ ಕೂತಿದ್ದಳು. ಒಕ್‌ಸುನ್ ಎಂಬ ಕೊರಿಯಾದ ನರ್ಸ್ ಬಂದು ಪಕ್ಕದ ಮೇಜಿನಲ್ಲಿ ಒಂದು ಗಾಜಿನ ಜಾಡಿ ತೆರೆದಳು. ಉಳಿದವರು ಮೂಗು ಮುಚ್ಚಿಕೊಂಡು ತಟ್ಟೆ ಎತ್ತಿಕೊಂಡು ದೂರ ಹೋದರು. ಜಯದೇವಿಯ ಬಾಯಲ್ಲಿ ಮಾತ್ರ ನೀರೂರಿತು. ಬೆಳ್ಳುಳ್ಳಿ, ಕೆಂಪು ಖಾರ, ಹುಳಿ ಬಂದ ಉಪ್ಪು. ಸಾಕ್ಷಾತ್ ಗದಗ-ಬೆಟಗೇರಿಯ ತವರಿನ ಅಡುಗೆಮನೆಯೇ ಎದ್ದು ಬಂದಂತಾಯಿತು. ಅವಳು ತಿರುಗಿ ನೋಡಿದಳು. ಎಲೆಕೋಸು, ಅದರ ತುಂಬ ರಂಜಕ.

‘ಮಾಂಸ ಇದೆಯೇ?’ ಎಂದು ಕೇಳಿದಳು.

‘ಇಲ್ಲ.’

‘ಮೊಟ್ಟೆ?’

‘ಕೋಸಿನಲ್ಲಿ ಮೊಟ್ಟೆ ಯಾಕಿರುತ್ತೆ?’ ಎಂದು ಒಕ್‌ಸುನ್ ನಕ್ಕಳು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ. ಅದಕ್ಕೇ ಇಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು.

ಮಾಂಸ ಕೇಳಿದಳು, ಮೊಟ್ಟೆ ಕೇಳಿದಳು, ಅಲ್ಲಿಗೆ ಮುಗಿಯಿತು. ಗದಗಿನಲ್ಲಿ ತಿನ್ನಬಾರದ್ದು ಎಂದರೆ ಇವೆರಡೇ. ಕುಡಿಯುವ ನೀರಿಗೇ ಕೊಡ ಹಿಡಿದು ಸಾಲು ನಿಲ್ಲುವ ಊರಿನ ಹುಡುಗಿಗೆ ಸಮುದ್ರ ಎಲ್ಲಿಂದ ನೆನಪಾಗಬೇಕು? ಕೋಸಿನ ಎಲೆಯ ಮೇಲೆ ಅಲ್ಲೊಂದು ಇಲ್ಲೊಂದು ಸಣ್ಣ ಕಪ್ಪು ಚುಕ್ಕೆ ಕಂಡವು. ಉಪ್ಪಿನಕಾಯಿ ಅಂದ ಮೇಲೆ ಸಾಸಿವೆ ಇದ್ದೇ ಇರುತ್ತದೆ. ಕರಡಿಗೆ ಮುಟ್ಟಿಕೊಂಡು ಒಂದು ಎಲೆ ಬಾಯಿಗಿಟ್ಟಳು. ನಿಂತಿತು. ಸಂಜೆಯವರೆಗೂ ನಿಂತಿತು.

ಒಕ್‌ಸುನ್‌ಳ ತಾಯಿ ಆ ವರ್ಷವೇ ಜೊಂಜು ಎಂಬ ತಮ್ಮೂರಿನಿಂದ ಬಂದು ಮಗಳ ಜೊತೆಗಿದ್ದಳು. ಬಸುರಿಯೊಬ್ಬಳು ತನ್ನ ಕಿಮ್ಚಿ, ಅಂದರೆ ಆ ಕೋಸಿನ ಉಪ್ಪಿನಕಾಯಿ, ಕೇಳಿ ಕೇಳಿ ತಿನ್ನುತ್ತಾಳೆಂದು ತಿಳಿದದ್ದೇ ತಡ, ಮುದುಕಿ ವಾರಕ್ಕೊಂದು ಜಾಡಿ ಕಳಿಸತೊಡಗಿದಳು. ಬಸುರಿಯ ಬಯಕೆಗೆ ಇಲ್ಲ ಎನ್ನಬಾರದೆಂಬುದು ಅವರಲ್ಲೂ ಇದೆಯಂತೆ. ಜಯದೇವಿ ದಿನಾ ಅದನ್ನು ಲಿಂಗಕ್ಕೆ ತೋರಿಸಿ ಮೊಸರನ್ನದ ಜೊತೆ ಉಣ್ಣತೊಡಗಿದಳು. ಮೂರನೆಯ ತಿಂಗಳು ದಾಟಿತು, ನಾಲ್ಕು ದಾಟಿತು, ಕೆನ್ನೆಗೆ ಬಣ್ಣ ಬಂತು. ಸಂಗನಬಸಪ್ಪ ಜಾಡಿಗೆ ಕೈಮುಗಿದು, ‘ಕೋಸಿನ ರಂಜಕ ತಾಯಿ, ನಿನ್ನ ಪುಣ್ಯ,’ ಎನ್ನುತ್ತಿದ್ದ.

ಥ್ಯಾಂಕ್ಸ್‌ಗಿವಿಂಗ್ ಮರುದಿನದ ಮರುದಿನ, ಶನಿವಾರ, ಒಕ್‌ಸುನ್ ಬೆಳಿಗ್ಗೆಯೇ ಬಂದು ಬಾಗಿಲು ತಟ್ಟಿದಳು. ಅವರೂರಲ್ಲಿ ದಕ್ಷಿಣದ ಕೋಟೆಬಾಗಿಲ ಹತ್ತಿರ ಹೆಂಚಿನ ಮನೆಗಳ ಹಳೆಯ ಓಣಿಗಳಿವೆಯಂತೆ. ಬೆಳಿಗ್ಗೆ ಒಂದು ತುದಿಯಲ್ಲಿ ತಿನ್ನಲು ಶುರು ಮಾಡಿದರೆ ಇನ್ನೊಂದು ತುದಿ ಮುಟ್ಟುವಾಗ ದೀಪ ಹಚ್ಚುವ ಹೊತ್ತಂತೆ. ‘ಇವತ್ತು ನಿನಗೆ ನನ್ನ ಜೊಂಜು ತೋರಿಸುತ್ತೇನೆ. ನಡೆಯೋಣ, ತಿನ್ನೋಣ. ಸಂಜೆ ನಮ್ಮ ಮನೆಯಲ್ಲಿ ಚಳಿಗಾಲಕ್ಕೆಲ್ಲ ಸಾಕಾಗುವಷ್ಟು ಕಿಮ್ಚಿ ಹಾಕುತ್ತಾರೆ, ನೀನೂ ಬಾ,’ ಎಂದಳು. ಹಪ್ಪಳ-ಸಂಡಿಗೆಗೆ ಓಣಿಯ ಹೆಂಗಸರೆಲ್ಲ ಸೇರುವುದನ್ನು ನೋಡಿ ಬೆಳೆದವಳಿಗೆ ಇನ್ನೇನು ಬೇಕು? ಜಯದೇವಿ ಗಂಡನ ದೊಡ್ಡ ಕೋಟು ಹಾಕಿಕೊಂಡು ಹೊರಟಳು.

ಜೊಂಜು ಅಂದರೆ ಅದು ಕ್ಲಾರ್ಕ್ ಸ್ಟ್ರೀಟ್. ಸ್ವೀಡನ್ನಿನವರು ಹಿಂದೆಂದೋ ಕಟ್ಟಿಸಿದ ಇಟ್ಟಿಗೆಯ ಕಟ್ಟಡಗಳು, ಅವರ ಬೇಕರಿಗಳು, ಆಮೇಲೆ ಬಂದ ಜಪಾನಿಯರ ಅಂಗಡಿಗಳು. ಅವುಗಳ ನಡುವೆ ಸಂದು ಸಿಕ್ಕಲ್ಲಿ ತೂರಿಕೊಂಡ ಕೊರಿಯಾದವರು. ಒಕ್‌ಸುನ್ ಮಾತ್ರ ಒಂದೊಂದನ್ನೂ ಗಂಭೀರವಾಗಿ ತೋರಿಸುತ್ತಾ ನಡೆದಳು. ಸಿಗ್ನಲ್ ದೀಪ ಇರುವುದು ಕೋಟೆಬಾಗಿಲು. ಲಾಂಡ್ರಿಯವನ ತಿರುವು ಅವಳ ಸೋದರತ್ತೆಯ ಓಣಿ. ಜಯದೇವಿಗೂ ಹುರುಪು ಬಂತು. ಬೂದು ಬಣ್ಣದ ಚರ್ಚಿನ ಮೆಟ್ಟಿಲು ನೋಡಿ, ‘ಹಾಗಾದರೆ ಇದು ನಮ್ಮ ಗದಗಿನ ಮಠ,’ ಎಂದಳು. ಇಬ್ಬರೂ ಆ ಮಠದ ಮೆಟ್ಟಿಲ ಮೇಲೆ ಕೂತು ಕೆಂಪು ಕಾಳಿನ ಹೂರಣ ತುಂಬಿ ಬೇಯಿಸಿದ ಬಿಸಿ ಬನ್ನು ತಿಂದರು.

ತಿಂದದ್ದು ಒಂದೇ ಎರಡೇ? ಅಕ್ಕಿಹಿಟ್ಟಿನ ಕಡುಬಿನಂಥದ್ದು ತಿಂದಳು, ಸುಟ್ಟ ಗೆಣಸು ತಿಂದಳು, ಹುರಿದ ಬಾರ್ಲಿಯ ಬಿಸಿನೀರು ಕುಡಿದಳು. ಪ್ರತಿಯೊಂದಕ್ಕೂ ಮಾಂಸ ಇದೆಯೇ, ಮೊಟ್ಟೆ ಇದೆಯೇ ಎಂದು ಕೇಳುವುದು, ಕೋಟಿನ ಮೇಲಿಂದ ಕರಡಿಗೆ ಮುಟ್ಟುವುದು, ಬಾಯಿಗಿಡುವುದು. ಒಂದೂ ವಾಂತಿಯಾಗಲಿಲ್ಲ. ಜಪಾನಿಯೊಬ್ಬನ ಮೀನಿನಂಗಡಿಯ ಗಾಜಿನಲ್ಲಿ ಎಂಟು ಕಾಲಿನದೊಂದು ಪ್ರಾಣಿ ಐಸಿನ ಮೇಲೆ ಅಂಗಾತ ಬಿದ್ದಿತ್ತು. ಅದನ್ನು ಕಂಡು ಜಯದೇವಿ ದಂಗಾಗಿ ನಿಂತಳು. ಇದನ್ನೂ ಮನುಷ್ಯರು ತಿನ್ನುತ್ತಾರೆಯೇ? ಮಫ್ಲರಿನಿಂದ ಮೂಗು ಮುಚ್ಚಿಕೊಂಡು ದಾಟಿದಳು. ಸದ್ಯ, ಶಿವ ನನಗೆ ಕೋಸು ತೋರಿಸಿದ ಎಂದುಕೊಂಡಳು.

ಕೊನೆಯ ಅಂಗಡಿಯಲ್ಲಿ ಬೆಲ್ಲದಂಥ ಪಾಕ ತುಂಬಿದ ಪುಟ್ಟ ಹೋಳಿಗೆ ಸುಡುತ್ತಿದ್ದರು. ಮೊದಲ ಚೂರು ಗಂಟಲಿಗೆ ಇಳಿಯುತ್ತಿದ್ದಂತೆ ಕೂಸು ಒದೆಯಿತು. ಆ ವಾರವಷ್ಟೇ ಒದೆಯಲು ಕಲಿತಿತ್ತು. ಜಯದೇವಿ ಒಕ್‌ಸುನ್‌ಳ ಕೈ ಹಿಡಿದು ಹೊಟ್ಟೆಯ ಮೇಲಿಟ್ಟುಕೊಂಡಳು. ಇಬ್ಬರೂ ದಾರಿಯಲ್ಲಿ ಹೋಗುವವರಿಗೆ ಅಡ್ಡವಾಗಿ ಸುಮಾರು ಹೊತ್ತು ಹಾಗೆಯೇ ನಿಂತಿದ್ದರು.

ಒಕ್‌ಸುನ್ ಮನೆಗೆ ಬಂದಾಗ ಅಲ್ಲಿ ಮದುವೆಮನೆಯ ಗದ್ದಲ. ಸ್ನಾನದ ತೊಟ್ಟಿಯ ತುಂಬ ಉಪ್ಪುನೀರಿನಲ್ಲಿ ಎಲೆಕೋಸು ತೇಲುತ್ತಿದ್ದವು. ಅದನ್ನು ನೋಡಿ ಜಯದೇವಿ ಅರೆಗಳಿಗೆ ಬಾಯಿ ತೆರೆದು ನಿಂತಳು, ಆಮೇಲೆ ನಗು ತಡೆಯಲಾಗಲಿಲ್ಲ. ಬೇಸ್‌ಮೆಂಟಿನಲ್ಲಿ ಪೇಪರು ಹಾಸಿ ಹತ್ತಾರು ಹೆಂಗಸರು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ನಡುವೆ ದೊಡ್ಡ ಪ್ಲಾಸ್ಟಿಕ್ ಬೋಗುಣಿಯಲ್ಲಿ ಕೆಂಪು ಮಸಾಲೆ. ಎಲ್ಲರೂ ರಬ್ಬರ್ ಗ್ಲೌಸು ಹಾಕಿಕೊಂಡಿದ್ದರು. ಗದಗಿನ ಕೈ ಖಾರಕ್ಕೆ ಹೆದರೀತೇ? ಜಯದೇವಿ ತೋಳು ಮಡಚಿ ಬರಿಗೈಯಲ್ಲೇ ಮಸಾಲೆ ತೆಗೆದು ಎಲೆ ಎಲೆಗೂ ಸವರತೊಡಗಿದಳು. ಮುದುಕಿ ಬೆರಗಾಗಿ ಅವಳ ಕೈಯನ್ನೇ ನೋಡಿ, ಬೆನ್ನು ತಟ್ಟಿ, ತನ್ನ ಭಾಷೆಯಲ್ಲಿ ಏನೋ ಅಂದಳು. ಎಲ್ಲರೂ ನಕ್ಕರು. ಇವಳೂ ನಕ್ಕಳು. ಅಮೆರಿಕಕ್ಕೆ ಬಂದ ಮೇಲೆ ಅಷ್ಟು ನಿರಾಳವಾಗಿ ಅವಳು ಎಲ್ಲೂ ಕೂತಿರಲಿಲ್ಲ.

ಮಸಾಲೆ ಕಡಿಮೆಯಾಯಿತು. ಮುದುಕಿ ಒಂದು ದೊಡ್ಡ ಜಾಡಿ ತಂದು ಬೋಗುಣಿಗೆ ಬಗ್ಗಿಸಿದಳು. ಬೂದುಗೆಂಪು ಬಣ್ಣದ, ನೀರುನೀರಾದ ಏನೋ ಬಳಬಳನೆ ಸುರಿಯಿತು. ಹಸಿ ನಾತ ಬಂತು.

‘ಅದೇನು?’ ಎಂದು ಕೇಳಿದಳು ಜಯದೇವಿ.

‘ಉಪ್ಪು,’ ಎಂದಳು ಒಕ್‌ಸುನ್, ಎಲೆ ಮಡಚುತ್ತಾ.

ಉಪ್ಪು ಹೀಗಿರುತ್ತದೆಯೇ? ಜಯದೇವಿ ಬಗ್ಗಿ ನೋಡಿದಳು. ಉಗುರಿನಷ್ಟುದ್ದದ ಬಿಳಿ ಹುಳುಗಳಂಥವು, ಬಾಗಿ ಬಾಗಿ ಒಂದರ ಮೇಲೊಂದು. ಎಳೆಯಂಥ ಮೀಸೆ. ಪ್ರತಿಯೊಂದರ ತಲೆಯಲ್ಲೂ ಸಣ್ಣ ಕಪ್ಪು ಚುಕ್ಕೆ, ಸಾಸಿವೆಯಂಥದ್ದು. ಅದೇ ಸಾಸಿವೆ. ಸೆಪ್ಟೆಂಬರಿನಿಂದ ಅವಳು ಹಲ್ಲಿನಲ್ಲಿ ಕಡಿದ ಅದೇ ಸಾಸಿವೆ. ಅವು ಕಣ್ಣುಗಳು.

ಕೈಯಲ್ಲಿದ್ದ ಕೋಸು ಜಾರಿ ಬಿತ್ತು. ‘ಇದು ಪ್ರಾಣಿ,’ ಎಂದಳು.

‘ಸೀಗಡಿ. ಬಹಳ ಸಣ್ಣದು. ಉಪ್ಪಿನಲ್ಲಿ ನೆನೆಸಿಟ್ಟದ್ದು,’ ಎಂದಳು ಒಕ್‌ಸುನ್.

‘ನೀನು ಮಾಂಸ ಇಲ್ಲ ಅಂದೆ.’

‘ಮಾಂಸ ಇಲ್ಲವಲ್ಲ. ಇದು ಮಾಂಸ ಅಲ್ಲ, ರುಚಿಗೆ ಹಾಕೋದು.’ ಹೇಳುತ್ತಾ ಹೇಳುತ್ತಾ ಒಕ್‌ಸುನ್ ಗೆಳತಿಯ ಮುಖ ನೋಡಿದಳು. ಅವಳ ಮಾತು ನಿಧಾನವಾಯಿತು. ‘ಜಯಾ, ನಿಮ್ಮಲ್ಲಿ ಇದೂ ಆಗುವುದಿಲ್ಲವೇ?’

‘ಎಲ್ಲ ಜಾಡಿಯಲ್ಲೂ ಇತ್ತೇ?’

ಒಕ್‌ಸುನ್ ಹೌದೆಂದು ತಲೆಯಾಡಿಸಿದಳು. ಅವಳ ಮುಖವೂ ಬಿಳಿಚಿಕೊಂಡಿತ್ತು. ರೋಗಿಯನ್ನು ಕೇಳದೆ ಔಷಧ ಕೊಡಬಾರದೆಂದು ಹೊಸ ಹುಡುಗಿಯರಿಗೆ ಪಾಠ ಹೇಳುವ ನರ್ಸ್ ಅವಳು.

ಜಯದೇವಿಗೆ ತಾನು ತಿಂದದ್ದರ ಅಸಹ್ಯ ಆಮೇಲೆ ಬಂತು. ಮೊದಲು ಬಂದದ್ದು ಬೇರೆಯೇ. ಪ್ರತಿ ದಿನ, ಪ್ರತಿ ತುತ್ತು, ಮೊದಲು ಅವನಿಗೆ, ಲಿಂಗದಲ್ಲಿರುವ ಶಿವನಿಗೆ, ತೋರಿಸಿದ್ದಳು. ಅಂಗೈಯಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ಭಕ್ತಿಯಿಂದ, ಅವನಿಗೆ ಸತ್ತ ಹುಳು ಉಣ್ಣಿಸಿದ್ದಳು. ಕೈ ತಾನಾಗಿ ಎದೆಯ ಮೇಲಿನ ಕರಡಿಗೆಗೆ ಹೋಯಿತು, ಬೆರಳಿನ ಕೆಂಪು ನೋಡಿ ಅರ್ಧದಲ್ಲೇ ನಿಂತಿತು. ಈ ಕೈಯಲ್ಲಿ ಮುಟ್ಟುವುದಾದರೂ ಹೇಗೆ? ಎದ್ದು ಹಿತ್ತಿಲಿಗೆ ಹೋಗಿ ಹಿಂದಿನ ದಿನ ಬಿದ್ದಿದ್ದ ಹಿಮದಲ್ಲಿ ಕೈ ತಿಕ್ಕತೊಡಗಿದಳು. ತಿಕ್ಕಿದಷ್ಟೂ ಖಾರ ಉರಿಯಿತು.

ಮುದುಕಿಗೆ ವಿಷಯ ತಿಳಿಯಲು ಹೊತ್ತು ಹಿಡಿಯಲಿಲ್ಲ. ಬೈಯಲಿಲ್ಲ, ನಗಲಿಲ್ಲ. ಹೊಸ ಪಾತ್ರೆ ತೆಗೆಸಿ, ಕೈ ತೊಳೆದು ಬಂದು, ಬರೀ ಉಪ್ಪು, ಶುಂಠಿ, ಖಾರ ಹಾಕಿ ಬೇರೆ ಮಸಾಲೆ ಕಲಸಿದಳು. ಅವರೂರ ಬೆಟ್ಟದ ಮೇಲಿನ ಗುಡಿಯ ಸನ್ಯಾಸಿಗಳು ಹೀಗೆಯೇ ತಿನ್ನುತ್ತಾರೆ, ಅಲ್ಲಿಗೆ ಪ್ರತಿ ವರ್ಷ ತಾಯಿಯೇ ಮಾಡಿಕೊಡುತ್ತಿದ್ದಳು ಎಂದು ಒಕ್‌ಸುನ್ ಹೇಳಿದಳು. ಜಯದೇವಿಯನ್ನು ಒಳಗೆ ಕರೆಸಿ ಕೂರಿಸಿ, ಎಳೆಯ ಎಲೆಯೊಂದನ್ನು ಸುರುಳಿ ಸುತ್ತಿ ಮುದುಕಿ ಅವಳ ಬಾಯಿಯ ಹತ್ತಿರ ಹಿಡಿದಳು. ತಾಯಿ ಮಗುವಿಗೆ ಹಿಡಿಯುವಂತೆ ಹಿಡಿದಳು. ಆ ಕೈಯನ್ನು ನೂಕಲು ಜಯದೇವಿಗೆ ಮನಸ್ಸು ಬರಲಿಲ್ಲ. ಅಗಿದಳು, ನುಂಗಿದಳು.

ನಿಲ್ಲಲಿಲ್ಲ. ಮುದುಕಿ ಇನ್ನೂ ಮುಂದೆಯೇ ಕೂತಿದ್ದಳು. ಜಯದೇವಿ ಮೆಟ್ಟಿಲು ಹತ್ತಿ ಹಿತ್ತಿಲ ಬಾಗಿಲು ಮುಟ್ಟುವಷ್ಟರಲ್ಲಿ ಅದು ಬಂತು. ಅದರ ಹಿಂದೆ ಹೋಳಿಗೆ, ಗೆಣಸು, ಕಡುಬು, ಮಠದ ಮೆಟ್ಟಿಲ ಮೇಲೆ ತಿಂದ ಬನ್ನು, ಇಡೀ ಜೊಂಜು ಬಂತು. ಶುದ್ಧವಾದದ್ದನ್ನು ಹೊಟ್ಟೆ ಒಲ್ಲೆ ಎಂದಿತ್ತು. ಇದು ಅವಳಿಗೆ ಆ ಕಣ್ಣುಗಳನ್ನು ಕಂಡದ್ದಕ್ಕಿಂತ ದೊಡ್ಡ ಆಘಾತವಾಯಿತು. ಹಾಗಾದರೆ ಕೂಸಿಗೆ ಬೇಕಾದದ್ದು ಕೋಸೂ ಅಲ್ಲ, ಖಾರವೂ ಅಲ್ಲ. ಒಳಗೆ ಕೂತು ಅದು ಕೇಳುತ್ತಿದ್ದದ್ದು ಆ ಸೀಗಡಿಯನ್ನೇ.

ಒಕ್‌ಸುನ್ ಕಾರಿನಲ್ಲಿ ಮನೆಗೆ ತಂದು ಬಿಟ್ಟಳು. ಹೆಂಡತಿ ಹೇಳಿದ್ದನ್ನು ಕೇಳಿ ಸಂಗನಬಸಪ್ಪ ಮೊದಲು ನಕ್ಕುಬಿಟ್ಟ.

‘ಇಷ್ಟ ಹೌದಿಲ್ಲೋ? ನಾ ಏನೋ ಆತು ಅಂತ ಅಂಜಿದ್ದೆ. ಗದಗಿನ್ಯಾಗ ಯಾರ ಮುಂದೂ ಹೇಳಬ್ಯಾಡ, ಮುಗೀತು.’

‘ನಾ ತಿಂದಿದ್ದಕ್ಕ ಅಲ್ರೀ. ಅವಗ ತಿನ್ನಿಸೀನಿ,’ ಎಂದಳು ಅವಳು, ಕರಡಿಗೆಯ ಕಡೆ ಕಣ್ಣಿನಲ್ಲೇ ತೋರಿಸುತ್ತಾ. ಅವನ ನಗು ಅಲ್ಲಿಗೇ ನಿಂತಿತು.

ಮರುದಿನ ಬೆಳಿಗ್ಗೆ ಮೈ ತೊಳೆದಳು, ವಿಭೂತಿ ಹಚ್ಚಿದಳು, ಕರಡಿಗೆ ಮಾತ್ರ ತೆರೆಯಲಿಲ್ಲ. ಬುದ್ಧಿ ಬಂದಾಗಿನಿಂದ ಪೂಜೆಯಿಲ್ಲದ ಮೊದಲ ಬೆಳಗು ಅದು. ಪೂಜೆಯಿಲ್ಲ ಅಂದ ಮೇಲೆ ಊಟವಿಲ್ಲ. ಮೊಸರನ್ನ ಬೇಡ ಎಂದಳು, ಹಾಲು ಬೇಡ ಎಂದಳು. ನೀರು ಕುಡಿದು ಹಾಸಿಗೆಯ ಅಂಚಿಗೆ ಕೂತಳು. ಅವತ್ತು ಕೂಸು ಒದೆಯಲಿಲ್ಲ. ಸೋಮವಾರ ಕೆಲಸಕ್ಕೆ ಹೋಗಲಿಲ್ಲ, ಅವತ್ತೂ ಕೂಸು ಒದೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳು ಹೊಟ್ಟೆಯ ಮೇಲೆ ಎರಡೂ ಅಂಗೈ ಇಟ್ಟುಕೊಂಡು ಉಸಿರು ಬಿಗಿಹಿಡಿದು ಕಾಯತೊಡಗಿದಳು. ಹಿಂದಿನ ಎರಡು ಸಲವೂ ಹೀಗೆಯೇ ಕಾದಿದ್ದಳು.

ಸಂಗನಬಸಪ್ಪ ರಜೆ ಹಾಕಿ ಮನೆಯಲ್ಲೇ ಇದ್ದ. ಅಡುಗೆಮನೆಗೂ ಮಲಗುವ ಕೋಣೆಗೂ ಓಡಾಡಿ ಓಡಾಡಿ ಕೊನೆಗೆ ಬಾಗಿಲಲ್ಲಿ ನಿಂತ.

‘ಏಳು, ಆಸ್ಪತ್ರಿಗೆ ಹೋಗೂಣು.’

‘ಅಲ್ಲಿ ಏನ್ ಮಾಡ್ತಾರ? ಸೂಜಿ ಚುಚ್ಚಿ ಬಾಟ್ಲಿ ಹಚ್ತಾರ. ಅದನ್ನೂ ಇವಗ ತೋರಿಸದ ತಗೋಬೇಕಲ್ಲ.’

‘ಈ ಕೂಸೂ ಹೋದ್ರ ನಿನ್ನ ಶಿವ ತಂದ್ ಕೊಡ್ತಾನೇನು?’ ಎಂದು ಸಂಗನಬಸಪ್ಪ ಸಿಟ್ಟಿನಿಂದ ಕೇಳಿದ. ಕೇಳಿದ ಮೇಲೆ ಅವನ ದನಿಯೇ ಒಡೆಯಿತು. ಫ್ರಿಜ್ ತೆರೆದು ಕಳೆದ ವಾರದ ಜಾಡಿ ತಂದ, ಅರ್ಧ ಉಳಿದಿತ್ತು. ‘ನೀರಾಗ ತೊಳದು ಕೊಡ್ತೀನಿ. ಆ ಕಣ್ಣು ಒಂದೊಂದ ಆರಿಸಿ ತಗೀತೀನಿ. ಒಂದ್ ಎಲಿ ತಿನ್ನು, ಜಯಾ.’

ಗಂಡ ಅಳುವುದನ್ನು ಅವಳು ನೋಡಿರಲಿಲ್ಲ. ಎರಡು ಕೂಸು ಹೋದಾಗಲೂ ಅವನು ಅವಳ ಮುಂದೆ ಅತ್ತಿರಲಿಲ್ಲ.

‘ತೊಳದು ಯಾರಿಗೆ ಮೋಸ ಮಾಡೂದು?’ ಎಂದಳು ಕೊನೆಗೆ. ‘ಇಂವ ಎದಿ ಮ್ಯಾಲ ಕುಂತಾನ. ಎಲ್ಲಾ ನೋಡ್ಯಾನ. ಕೊಡ್ರಿ ಇಲ್ಲಿ, ತೊಳೀಬ್ಯಾಡ್ರಿ.’

ಎದ್ದು ಮತ್ತೆ ಮೈ ತೊಳೆದು ಬಂದಳು. ಅಡುಗೆಮನೆಯ ನೆಲದ ಮೇಲೆ ದೇವರ ಹಲಗೆಯ ಮುಂದೆ ಕೂತು, ಕರಡಿಗೆ ತೆರೆದು, ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡಳು. ಖಾರದ ಉರಿ ಆ ಕೈಯಲ್ಲಿ ಇನ್ನೂ ಇತ್ತು. ಮುಂದೆ ಬಟ್ಟಲಲ್ಲಿ ಮೊಸರನ್ನ, ಅದರ ಮೇಲೆ ಕೆಂಪು ಎಲೆ, ಎಲೆಯ ಮೇಲೆ ಆ ಕಪ್ಪು ಚುಕ್ಕೆಗಳು. ಅವಳು ಕಣ್ಣು ಮುಚ್ಚಲಿಲ್ಲ. ಮನೆಯವರ ಜೊತೆ ಮಾತಾಡುವ ದನಿಯಲ್ಲೇ ಮಾತಾಡಿದಳು.

‘ಇಷ್ಟ ದಿನಾ ಗೊತ್ತಿಲ್ಲದ ಕೊಟ್ಟೆ, ನೀ ಸುಮ್ಮನ ತಗೊಂಡಿ. ಈಗ ಗೊತ್ತಿದ್ದ ಕೊಡಾಕತ್ತೀನಿ. ನೋಡು, ಕಣ್ಣ ಅದಾವು. ನಿನಗ ಸಿಟ್ಟ ಬಂದ್ರ ನನ್ನ ಮ್ಯಾಲ ತೀರಿಸ್ಕೋ. ಕೂಸಿನ ಮ್ಯಾಲ ಬ್ಯಾಡ.’

ಆಮೇಲೆ ಉಂಡಳು. ಒಂದೊಂದು ತುತ್ತನ್ನೂ ಅಗಿಯುವಾಗ ಮೈ ಜುಮ್ಮೆನ್ನುತ್ತಿತ್ತು, ಆದರೂ ಬಟ್ಟಲು ಬರಿದಾಗುವವರೆಗೆ ಉಂಡಳು. ಸಂಗನಬಸಪ್ಪ ವಾಂತಿಗೆಂದು ಸ್ಟೀಲ್ ಬೋಗುಣಿ ಹಿಡಿದುಕೊಂಡು ಪಕ್ಕದಲ್ಲಿ ಕೂತ. ಮದುವೆಯಾದ ಮೇಲೆ ದೇವರ ಮುಂದೆ ಅವಳ ಪಕ್ಕ ಅವನು ಕೂತದ್ದು ಅದೇ ಮೊದಲು. ಬೋಗುಣಿ ಬೇಕಾಗಲಿಲ್ಲ. ಸಂಜೆಗೆ ಅವಳು ಇನ್ನೊಂದು ಬಟ್ಟಲು ಕೇಳಿದಳು. ಕೂಸು ಒದೆದದ್ದು ಮರುದಿನ, ಲ್ಯಾಬಿನಲ್ಲಿ ಯಾರದೋ ರಕ್ತ ತೆಗೆಯುತ್ತಿದ್ದಾಗ. ಸೂಜಿ ಅಲುಗಾಡಿತಂತೆ. ಆ ರೋಗಿ ಮಾತ್ರ ಅವಳನ್ನು ಹೊಗಳಲಿಲ್ಲ.

ಎಂಟನೆಯ ತಿಂಗಳಲ್ಲಿ ಲಿಂಗ ಕಟ್ಟಲು ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ ಮಗನ ಮನೆಗೆ ಬಂದಿದ್ದ ಗದಿಗೆಪ್ಪನವರೆಂಬ ಹಿರಿಯರನ್ನು ಕರೆಸೋಣ ಎಂದ ಸಂಗನಬಸಪ್ಪ. ಜಯದೇವಿ ಬೇಡವೆಂದಳು. ಅವರು ಏನು ಉಣ್ತೀಯವ್ವಾ ಎಂದು ಕೇಳಿಯೇ ಕೇಳುತ್ತಾರೆ, ಸುಳ್ಳು ಹೇಳಲು ನನ್ನಿಂದಾಗದು ಎಂದಳು. ಗಂಡ ದಾರ ಹಿಡಿದ, ಅವಳೇ ಕಟ್ಟಿಕೊಂಡಳು. ಏಪ್ರಿಲ್‌ನಲ್ಲಿ ಹೆಣ್ಣು ಹುಟ್ಟಿತು, ರೇಣುಕಾ ಎಂದು ಹೆಸರಿಟ್ಟರು. ಹೆರಿಗೆಯಾದ ದಿನದಿಂದ ಜಯದೇವಿಗೆ ಆ ಕಿಮ್ಚಿಯ ವಾಸನೆ ಸೇರದಾಯಿತು. ಮತ್ತೆಂದೂ ಅದನ್ನು ಮುಟ್ಟಲಿಲ್ಲ. ಮುದುಕಿ ಪ್ರತಿ ನವೆಂಬರಿನಲ್ಲಿ ಅವಳಿಗೆಂದು ಬೇರೆ ಜಾಡಿ, ಬೆಟ್ಟದ ಗುಡಿಯದು, ಹಾಕಿಡುವಳು. ಅದೀಗ ಚೆನ್ನಾಗಿಯೇ ನಿಲ್ಲುತ್ತಿತ್ತು.

ಒಂದು ಮಾತ್ರ ಅವಳಿಂದ ಆಗುತ್ತಿರಲಿಲ್ಲ. ಉಳಿದ ತಾಯಂದಿರು ಸ್ಕೂಲಿಗೆ ಹೋಗುವ ಮಕ್ಕಳಿಗೆ ಅದು ತಿನ್ನಬೇಡ, ಇದು ಮುಟ್ಟಬೇಡ ಎಂದು ಗದರುವಾಗ ಜಯದೇವಿ ಬಾಯಿ ಬಿಡುತ್ತಿರಲಿಲ್ಲ. ಯಾವ ಬಾಯಿಂದ ಹೇಳುವುದು? ರೇಣುವಿಗೆ ಎರಡಾಯಿತು, ಮೂರಾಯಿತು. ಪಾರ್ಟಿಗಳಲ್ಲಿ ಯಾರು ಏನು ಕೊಟ್ಟರೂ ಜಯದೇವಿ ಬೇರೆ ಕಡೆ ತಿರುಗಿ ನಿಲ್ಲುವಳು. ಮಗಳು ತಿಂದಳೋ ಬಿಟ್ಟಳೋ ನೋಡುತ್ತಿರಲಿಲ್ಲ. ಹೊಟ್ಟೆಯಲ್ಲಿದ್ದಾಗಲೇ ತಾನೇ ಉಣ್ಣಿಸಿ ಬೆಳೆಸಿದ ಕೂಸು. ಅದಕ್ಕೆ ಬೇಡ ಎನ್ನುವ ಹಕ್ಕು ತನಗೆ ಅವತ್ತೇ ಹೋಯಿತೆಂದು ಅವಳ ಎಣಿಕೆ.

ಎಪ್ಪತ್ತೊಂಬತ್ತರ ನವೆಂಬರಿನಲ್ಲಿ ಅದೇ ಬೇಸ್‌ಮೆಂಟು, ಅದೇ ಪೇಪರು, ಅದೇ ಬೋಗುಣಿ. ಜಯದೇವಿ ತನ್ನ ಬೇರೆ ಪಾತ್ರೆಯ ಮುಂದೆ ಕೂತಿದ್ದಳು. ನಾಲ್ಕು ವರ್ಷದ ರೇಣು ಮುದುಕಿಯ ತೊಡೆಯ ಮೇಲೆ. ಮುದುಕಿಗೆ ಈ ಹುಡುಗಿಯ ಮೇಲೆ ವಿಪರೀತ ಅಕ್ಕರೆ, ತನ್ನ ಕಿಮ್ಚಿಯಿಂದ ಉಳಿದ ಕೂಸೆಂದು. ಎಳೆಯ ಎಲೆಯನ್ನು ಕೆಂಪು ಮಸಾಲೆಯಲ್ಲಿ ಹೊರಳಿಸಿ ಸುರುಳಿ ಸುತ್ತಿ ಹುಡುಗಿಯ ಬಾಯಿಗೆ ಹಿಡಿದಳು. ಜಯದೇವಿ ಎಂದಿನಂತೆ ಮುಖ ತಿರುಗಿಸಿದಳು.

‘ನೋ,’ ಎಂದಿತು ರೇಣುವಿನ ದನಿ.

ಖಾರಕ್ಕೆ ಹೆದರಿತು ಎಂದುಕೊಂಡಳು ಒಕ್‌ಸುನ್. ‘ಕಡಿಮೆ ಖಾರದ್ದು ಕೊಡಲೇ ಪುಟ್ಟಿ?’

ರೇಣು ಎಲೆಯನ್ನು ಬಿಡಿಸಿ ಒಂದು ಪುಟ್ಟ ಬೆರಳಿಟ್ಟು ತೋರಿಸಿದಳು. ‘ಅಮ್ಮಾ, ಇಟ್ಸ್ ಲುಕಿಂಗ್ ಅಟ್ ಮಿ. ಐ ಡೋಂಟ್ ಈಟ್ ಥಿಂಗ್ಸ್ ವಿತ್ ಐಸ್.’

‘ಯಾರ್ ಹೇಳ್ಯಾರ ನಿನಗ?’ ಎಂದು ಕೇಳಿದಳು ಜಯದೇವಿ.

‘ನೋಬಡಿ,’ ಎಂದಳು ರೇಣು. ಮುದುಕಿಗೆ ಬೇಸರವಾದೀತೆಂದೋ ಏನೋ, ಆ ಎಲೆಯನ್ನು ಜೋಪಾನವಾಗಿ ಮತ್ತೆ ಸುತ್ತಿ ಅವಳ ಕೈಗೇ ಕೊಟ್ಟಳು. ತೊಡೆಯಿಂದ ಇಳಿದು ಬಂದು ತಾಯಿಯ ಪಾತ್ರೆಯೊಳಗೆ ಬಗ್ಗಿ ಕಣ್ಣು ಇವೆಯೋ ಎಂದು ಪರೀಕ್ಷಿಸಿದಳು.

ಜಯದೇವಿ ಅಲ್ಲಾಡದೆ ಕೂತಿದ್ದಳು. ಕೆಂಪು ಮೆತ್ತಿದ ಕೈ ತಾನಾಗಿ ಎದೆಗೆ ಹೋಗಿ ಸೀರೆಯ ಮೇಲಿಂದ ಕರಡಿಗೆಯನ್ನು ಹಿಡಿದುಕೊಂಡಿತು, ಈ ಸಲ ಅರ್ಧದಲ್ಲಿ ನಿಲ್ಲಲಿಲ್ಲ. ‘ಒಳಗಿದ್ದಾಗ ಕೇಳಿ ಕೇಳಿ ತಿಂದಾಕಿ ನೀನ ಅಲ್ಲೇನ,’ ಎಂದಳು ಮಗಳಿಗೆ, ಮತ್ತು ಅಳತೊಡಗಿದಳು. ಒಕ್‌ಸುನ್ ಗಾಬರಿಯಾಗಿ ಎದ್ದು ಬಂದಳು. ಏನೂ ಇಲ್ಲ, ಖಾರ ಕಣ್ಣಿಗೆ ಹೋಯಿತು ಎಂದಳು ಜಯದೇವಿ. ಮುದುಕಿ ಒದ್ದೆ ಬಟ್ಟೆ ತಂದುಕೊಟ್ಟಳು. ರೇಣು ಆ ಪಾತ್ರೆಯಿಂದ ಒಂದು ಎಲೆ ಎತ್ತಿ ಬಾಯಿಗಿಟ್ಟುಕೊಂಡು, ಖಾರ ಎಂದು ಕುಣಿದು, ಇನ್ನೊಂದು ಕೇಳಿದಳು.